ವಸಾಹತಿನ ಹುಡುಗ, ಸಾಮ್ರಾಜ್ಯದ ಹೆಮ್ಮೆ

ಲಿವರ್‌ಪೂಲ್‌ನ ಗುಡಿಸನ್ ಪಾರ್ಕ್ ಮೈದಾನ, 1966ರ ಜುಲೈ 23. ವಿಶ್ವ ಕಪ್ ಫುಟ್‌ಬಾಲ್ ಕ್ವಾರ್ಟರ್ ಫೈನಲ್ ಪಂದ್ಯ ಶುರುವಾಗಿ 25 ನಿಮಿಷ ಕಳೆಯುವಷ್ಟರಲ್ಲಿ ಉತ್ತರ ಕೊರಿಯಾ ಮೂರು ಗೋಲು ಹೊಡೆದು ಪೋರ್ಚುಗಲ್ ತಂಡವನ್ನು ತಬ್ಬಿಬ್ಬುಗೊಳಿಸಿತ್ತು. ಆಗ ಪಂದ್ಯವನ್ನು ಕೈಗೆತ್ತಿಕೊಂಡವರು 24 ವರ್ಷದ ಯುಸೇಬಿಯೊ. 27ನೇ ನಿಮಿಷದಲ್ಲಿ ಮೊದಲ ಗೋಲು. ಸಂಭ್ರಮಿಸುತ್ತ ನಿಲ್ಲದೆ, ಬಲೆಯೊಳಗಿನ ಚೆಂಡನ್ನು ತಾವೇ ಎತ್ತಿಕೊಂಡು ಮಧ್ಯರೇಖೆಯತ್ತ ಓಡಿದರು. 59ನೇ ನಿಮಿಷದ ಹೊತ್ತಿಗೆ ಅವರೊಬ್ಬರೇ ನಾಲ್ಕು ಗೋಲು ಗಳಿಸಿದ್ದರು. ಪೋರ್ಚುಗಲ್ 5–3ರಿಂದ ಗೆದ್ದಿತು.

ಈ ಯುಸೇಬಿಯೊ ಪೋರ್ಚುಗಲ್‌ನಲ್ಲಿ ಹುಟ್ಟಿದವರಲ್ಲ. 1942ರಲ್ಲಿ ಅವರು ಜನಿಸಿದ್ದು ಆಫ್ರಿಕಾದ ಮೊಜಾಂಬಿಕ್‌ನ ಲೊರೆನ್ಸೊ ಮಾರ್ಕೆಸ್‌ನಲ್ಲಿ, ಈಗಿನ ಮಾಪುಟೊ. ತಂದೆ ರೈಲ್ವೆ ಕಾರ್ಮಿಕ, ಬೇಗನೆ ತೀರಿಕೊಂಡರು. ಕಾಲುಚೀಲಕ್ಕೆ ಹಳೆಯ ಪತ್ರಿಕೆ ತುರುಕಿ ಮಾಡಿದ ಚೆಂಡಿನಲ್ಲಿ ಆಡಿ ಬೆಳೆದ ಹುಡುಗನಿಗಾಗಿ ಲಿಸ್ಬನ್‌ನ ಎರಡು ಕ್ಲಬ್‌ಗಳು, ಸ್ಪೋರ್ಟಿಂಗ್ ಮತ್ತು ಬೆನ್ಫಿಕಾ, ಜಿದ್ದಿಗೆ ಬಿದ್ದವು. 1960ರ ಡಿಸೆಂಬರ್‌ನಲ್ಲಿ ಆತನನ್ನು ಕರೆತಂದ ಬೆನ್ಫಿಕಾ, ‘ರೂತ್’ ಎಂಬ ಹೆಣ್ಣಿನ ಗುಪ್ತನಾಮವಿಟ್ಟು, ಎದುರಾಳಿಗಳ ಕಣ್ಣಿಗೆ ಬೀಳದಂತೆ ಕೆಲಕಾಲ ದಕ್ಷಿಣದ ಕಡಲತೀರದಲ್ಲಿ ಬಚ್ಚಿಟ್ಟಿತು. ಪತ್ತೇದಾರಿ ಕಾದಂಬರಿಗೆ ತಕ್ಕ ವಸ್ತು! ಶ್ರಮ ವ್ಯರ್ಥವಾಗಲಿಲ್ಲ. 1962ರ ಯುರೋಪಿಯನ್ ಕಪ್ ಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್‌ನ ಪುಸ್ಕಾಸ್ ಮೂರು ಗೋಲು ಹೊಡೆದರೂ, ಯುಸೇಬಿಯೊ ಅವರ ಕೊನೆಯ ಎರಡು ಗೋಲುಗಳಿಂದ ಬೆನ್ಫಿಕಾ 5–3ರಿಂದ ಕಪ್ ಗೆದ್ದಿತು.

ಆಟದ ಹಿಂದೆ ರಾಜಕೀಯವೂ ಇತ್ತು. ಸರ್ವಾಧಿಕಾರಿ ಸಲಾಜಾರ್‌ನ ಸರ್ಕಾರ 1951ರಲ್ಲಿ ವಸಾಹತುಗಳಿಗೆ ‘ಸಾಗರೋತ್ತರ ಪ್ರಾಂತ್ಯ’ ಎಂದು ಹೆಸರು ಬದಲಿಸಿತ್ತು. ನಮ್ಮ ನೆರೆಯ ಗೋವಾ ಸಹ 1961ರ ಡಿಸೆಂಬರ್‌ನಲ್ಲಿ ವಿಮೋಚನೆಗೊಳ್ಳುವವರೆಗೆ ಆ ಲೆಕ್ಕದಲ್ಲೇ ಇತ್ತು. ಕರಿಯ, ಬಿಳಿಯ ಎನ್ನದೆ ಎಲ್ಲರೂ ಪೋರ್ಚುಗೀಸರೇ ಎಂಬ ವಾದಕ್ಕೆ ಯುಸೇಬಿಯೊ ಅವರಿಗಿಂತ ಒಳ್ಳೆಯ ಜಾಹೀರಾತು ಎಲ್ಲಿ ಸಿಗಬೇಕು? ಉತ್ತರ ಕೊರಿಯಾ ವಿರುದ್ಧ ಕಣಕ್ಕಿಳಿದ ಹನ್ನೊಂದು ಮಂದಿಯಲ್ಲಿ ನಾಯಕ ಮಾರಿಯೊ ಕೊಲುನಾ ಸೇರಿ ನಾಲ್ವರು ಮೊಜಾಂಬಿಕ್ ಸಂಜಾತರು. ಅದೇ ಮೊಜಾಂಬಿಕ್‌ನಲ್ಲಿ 1964ರಿಂದಲೇ ಪೋರ್ಚುಗೀಸ್ ಸೇನೆಯ ವಿರುದ್ಧ ಬಂದೂಕಿನ ಹೋರಾಟ ನಡೆದಿತ್ತು.

ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್‌ಗೆ 2–1ರಿಂದ ಸೋತಾಗ ಯುಸೇಬಿಯೊ ಅಳುತ್ತ ಮೈದಾನ ಬಿಟ್ಟರು. ಆದರೂ ಒಂಬತ್ತು ಗೋಲುಗಳೊಂದಿಗೆ ಆ ವಿಶ್ವ ಕಪ್‌ನಲ್ಲಿ ಅವರದೇ ಮೇಲುಗೈ. ಇಟಲಿಯ ಕ್ಲಬ್‌ಗಳು ದೊಡ್ಡ ಮೊತ್ತ ಹಿಡಿದು ಬಂದವು. ಆದರೆ ತಮ್ಮನ್ನು ದೇಶ ಬಿಡಲು ಸಲಾಜಾರ್ ಬಿಡಲಿಲ್ಲ ಎಂದು ಮುಂದೆ ಅವರೇ ಹೇಳಿಕೊಂಡರು. ಹೆಮ್ಮೆಯ ಆಸ್ತಿ ಎನಿಸಿಕೊಂಡವನಿಗೆ ತನ್ನ ದುಡಿಮೆಯ ಬೆಲೆ ಪಡೆಯುವ ಸ್ವಾತಂತ್ರ್ಯವಿರಲಿಲ್ಲ. ಅವರು ಬೆನ್ಫಿಕಾ ತೊರೆದು ಅಮೆರಿಕಕ್ಕೆ ಹೋದದ್ದು 1975ರಲ್ಲಿ, ಮಂಡಿಗೆ ಹಲವು ಶಸ್ತ್ರಚಿಕಿತ್ಸೆಗಳಾದ ಮೇಲೆ. ಮೊಜಾಂಬಿಕ್ ಸ್ವತಂತ್ರವಾದದ್ದೂ ಅದೇ ವರ್ಷ.

ಕೊಲುನಾ ತಾಯ್ನೆಲಕ್ಕೆ ಮರಳಿ, ಅಲ್ಲಿನ ಫುಟ್‌ಬಾಲ್ ಫೆಡರೇಷನ್‌ನ ಅಧ್ಯಕ್ಷರಾದರು. ಯುಸೇಬಿಯೊ ಲಿಸ್ಬನ್‌ನಲ್ಲೇ ನೆಲೆಸಿದರು. 2014ರ ಜನವರಿ 5ರಂದು ಅವರು ನಿಧನರಾದಾಗ ಪೋರ್ಚುಗಲ್ ಮೂರು ದಿನ ಶೋಕ ಆಚರಿಸಿತು. ಮರುವರ್ಷ ಅವರ ಅವಶೇಷಗಳನ್ನು ರಾಷ್ಟ್ರೀಯ ಸ್ಮಾರಕ ಮಂದಿರಕ್ಕೆ ಒಯ್ಯಲಾಯಿತು. ಅವರ ನಾಯಕ ಕೊಲುನಾ ಮಾಪುಟೊದಲ್ಲಿ ಕೊನೆಯುಸಿರೆಳೆದದ್ದು 2014ರ ಫೆಬ್ರುವರಿಯಲ್ಲಿ.