ತಪ್ಪೊಪ್ಪಿಗೆಯ ದರ

ಬಚ್ಚಿಟ್ಟ ಆದಾಯವನ್ನು ತಾನಾಗಿಯೇ ತೋರಿಸಲು ಬಂದವನಿಂದ ಸರಕಾರ ಎಷ್ಟು ವಸೂಲು ಮಾಡಬೇಕು? ಸ್ವತಂತ್ರ ಭಾರತ ಈ ಪ್ರಶ್ನೆಯನ್ನು ಮೊದಲು ಎದುರಿಸಿದ್ದು 1951ರಲ್ಲಿ. ಯುದ್ಧಕಾಲದ ಕಾಳಸಂತೆಯಲ್ಲಿ ಕೊಬ್ಬಿದ ಹಣ ಆಗಿನ್ನೂ ಲೆಕ್ಕಪುಸ್ತಕಗಳ ಹೊರಗೇ ಇತ್ತು. ಅದನ್ನು ಹೊರತೆಗೆಯಲು ಬಂದ ಸ್ವಯಂಘೋಷಣೆಯ ಯೋಜನೆ, ಹಣಕಾಸು ಖಾತೆಯಲ್ಲಿದ್ದ ಸಚಿವ ಮಹಾವೀರ ತ್ಯಾಗಿಯವರ ಹೆಸರಿನಿಂದಲೇ ಪ್ರಸಿದ್ಧವಾಯಿತು. ಹೊರಬಿದ್ದದ್ದು ಸುಮಾರು 70 ಕೋಟಿ ರೂಪಾಯಿ. 1965ರಲ್ಲಿ ಮತ್ತೆ ಬಾಗಿಲು ತೆರೆಯಿತು. ಈ ಬಾರಿ ದರ ನೂರಕ್ಕೆ 60.

ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಎನ್. ವಾಂಛೂ ಅವರ ಸಮಿತಿ 1971ರಲ್ಲಿ ಇಂಥ ಯೋಜನೆಗಳನ್ನು ವಿರೋಧಿಸಿತು. ಪದೇ ಪದೇ ಕ್ಷಮೆ ಸಿಗುವುದಾದರೆ ಪ್ರಾಮಾಣಿಕನ ನಂಬಿಕೆ ಅಲುಗಾಡುತ್ತದೆ ಎಂಬುದು ಅದರ ಆತಂಕ. ಅತಿಯಾದ ತೆರಿಗೆಯೇ ಜನರನ್ನು ವಂಚನೆಗೆ ದೂಡುತ್ತದೆಂದೂ ಸಮಿತಿ ಹೇಳಿತು. ಆಗ ಗರಿಷ್ಠ ದರ ನೂರಕ್ಕೆ 97.75ರವರೆಗೆ ಏರಿತ್ತು.

ದರ ಇಳಿಯಿತು, ಆದರೆ ಕ್ಷಮೆಯ ಯೋಜನೆಗಳು ನಿಲ್ಲಲಿಲ್ಲ. ತುರ್ತುಪರಿಸ್ಥಿತಿಯ ನಡುವೆ, 1975ರಲ್ಲಿ, ಸುಗ್ರೀವಾಜ್ಞೆಯ ಮೂಲಕ ಇನ್ನೊಂದು ಬಂತು. 1981ರ ವಿಶೇಷ ಬಾಂಡುಗಳಂತೂ ಘೋಷಣೆಯನ್ನೂ ಕೇಳಲಿಲ್ಲ: 10,000 ರೂಪಾಯಿ ಕೊಟ್ಟವನಿಗೆ ಹತ್ತು ವರ್ಷಗಳ ಬಳಿಕ 12,000, ಹಣದ ಮೂಲ ಕೇಳುವವರಿಲ್ಲ. ಆರ್.ಕೆ. ಗರ್ಗ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಬಹುಮತ ಇದನ್ನು ಎತ್ತಿಹಿಡಿಯಿತು. ನ್ಯಾಯಮೂರ್ತಿ ಎ.ಸಿ. ಗುಪ್ತ ಒಬ್ಬರೇ ಭಿನ್ನಮತ ಬರೆದರು. ಪ್ರಾಮಾಣಿಕನಿಗಿಲ್ಲದ ಸೌಲಭ್ಯ ವಂಚಕನಿಗೇಕೆ ಎಂಬುದೇ ಅದರ ತಿರುಳು.

ಆ ಭಿನ್ನಮತದ ತೂಕ 1997ರಲ್ಲಿ ತಿಳಿಯಿತು. ಪಿ. ಚಿದಂಬರಂ ಅವರ ಯೋಜನೆಯಲ್ಲಿ ವ್ಯಕ್ತಿಗಳಿಗೆ ದರ ನೂರಕ್ಕೆ 30, ಕಂಪನಿಗಳಿಗೆ 35, ದಂಡವಿಲ್ಲ, ಬಡ್ಡಿಯಿಲ್ಲ. ಆರು ತಿಂಗಳಲ್ಲಿ ಸುಮಾರು 33,000 ಕೋಟಿ ಬೆಳಕಿಗೆ ಬಂತು, ಬೊಕ್ಕಸ ತುಂಬಿತು. ಆದರೆ ಎಂಬತ್ತರ ದಶಕದ ಕೊನೆಯಲ್ಲಿ ಗರಿಷ್ಠ ದರ 50 ಇದ್ದಾಗ ನಿಯತ್ತಾಗಿ ಕಟ್ಟಿದವನಿಗಿಂತ, ಅದೇ ಆದಾಯವನ್ನು ಅಡಗಿಸಿದವನು ಕಡಿಮೆ ಕೊಟ್ಟು ಪಾರಾದ. 1987ರ ಏಪ್ರಿಲ್‌ಗೆ ಮುಂಚೆ ಕೊಂಡ ಚಿನ್ನ ಬೆಳ್ಳಿಗೆ ಆ ದಿನದ ಬೆಲೆಯೇ ಸಾಕೆಂಬ ನಿಯಮ ಹೊಸ ಸುಳ್ಳಿಗೂ ದಾರಿಯಾಯಿತು. ಮಹಾಲೇಖಪಾಲರ ವರದಿ ಅದನ್ನು ಕಟುವಾಗಿ ಟೀಕಿಸಿತು. ಮುಂದೆ ಇಂಥ ಯೋಜನೆ ತರುವುದಿಲ್ಲವೆಂದು ಸರಕಾರ ಸರ್ವೋಚ್ಚ ನ್ಯಾಯಾಲಯಕ್ಕೆ ಮಾತು ಕೊಟ್ಟಿತು.

ಹಾಗಾಗಿಯೇ 2016ರಲ್ಲಿ ಬಾಗಿಲು ಮತ್ತೆ ತೆರೆದಾಗ, ಇದು ಕ್ಷಮಾದಾನವಲ್ಲವೆಂದು ಸರಕಾರ ವಾದಿಸಬೇಕಾಯಿತು. ತೆರಿಗೆ 30, ಅಧಿಭಾರ 7.5, ದಂಡ 7.5, ಒಟ್ಟು ನೂರಕ್ಕೆ 45. ಬೊಕ್ಕಸಕ್ಕೆ ಎಷ್ಟು ಬಂತೆಂಬುದಷ್ಟೇ ಇಂಥ ಯೋಜನೆಯ ಅಳತೆಯಲ್ಲ. ಸಕಾಲಕ್ಕೆ ಕಟ್ಟಿದವನಿಗಿಂತ ತಡವಾಗಿ ಒಪ್ಪಿಕೊಂಡವನು ಹೆಚ್ಚು ತೆತ್ತನೇ ಎಂಬುದನ್ನೂ ನೋಡಬೇಕು. ವಾಂಛೂ ಸಮಿತಿಯ ಎಚ್ಚರಿಕೆಯ ಈ ಅರ್ಧ ಭಾಗವನ್ನು ದರಪಟ್ಟಿಗೆ ಇಳಿಸಲು ನಮಗೆ ನಲವತ್ತೈದು ವರ್ಷ ಬೇಕಾಯಿತು.