ಚಂದ್ರಗಿರಿಯ ರಾಣಿ ಆಡಿದ ಭಾಷೆ

ಕಾಸರಗೋಡಿನ ಚಂದ್ರಗಿರಿ ಕೋಟೆಯ ಹೆಸರು ಭಾಷಾವಿಜ್ಞಾನದ ಚರಿತ್ರೆಯಲ್ಲಿ ಸೇರಿಕೊಂಡದ್ದು ಜಿನೀವಾ ನಗರದ ಮೂಲಕ. ಅಲ್ಲಿನ ವಿಶ್ವವಿದ್ಯಾಲಯದ ಮನೋವಿಜ್ಞಾನಿ ತಿಯೊಡೋರ್ ಫ್ಲೂರ್ನ್ವಾ ಅವರು 1894ರ ಕೊನೆಯಿಂದ, ವ್ಯಾಪಾರದ ಮಳಿಗೆಯೊಂದರಲ್ಲಿ ಉದ್ಯೋಗಿಯಾಗಿದ್ದ ಎಲಿಸ್ ಮುಲ್ಲರ್ ಎಂಬಾಕೆಯ ಆವೇಶದ ಮಾತುಗಳನ್ನು ದಾಖಲಿಸತೊಡಗಿದರು. ಅವರ ಗ್ರಂಥದಲ್ಲಿ ಆಕೆಯ ಹೆಸರು ಎಲೆನ್ ಸ್ಮಿತ್. ಹಿಂದಿನ ಜನ್ಮದಲ್ಲಿ ತಾನು ಸಿಮಂದಿನಿ ಎಂಬ ಅರಬ್ ಕನ್ಯೆ. ಕೆನರಾ ದೇಶದಲ್ಲಿ 1401ರಲ್ಲಿ ಚಂದ್ರಗಿರಿ ಕೋಟೆಯನ್ನು ಕಟ್ಟಿಸಿದ ‘ಸಿವ್ರೂಕ ನಾಯಕ’ನ ಮಡದಿಯಾಗಿ ಅವನ ಚಿತೆಯೇರಿದವಳು ಎಂಬುದು ಆಕೆಯ ಕಥನ. ಆ ಸ್ಥಿತಿಯಲ್ಲಿ ಆಕೆ ಸಂಸ್ಕೃತದಂತೆ ಕೇಳಿಸುವ ಭಾಷೆಯನ್ನೂ ಬೇರೆ ಸಮಯಗಳಲ್ಲಿ ಮಂಗಳ ಗ್ರಹದ್ದೆನ್ನಲಾದ ಭಾಷೆಯನ್ನೂ ಆಡುತ್ತಿದ್ದಳು.

ಮಂಗಳ ಗ್ರಹದ ಭಾಷೆಯ ಗುಟ್ಟು ಬೇಗನೆ ಬಯಲಾಯಿತು. ಪದಗಳು ಹೊಸವು, ಪದಕ್ರಮವೂ ವ್ಯಾಕರಣವೂ ಅಪ್ಪಟ ಫ್ರೆಂಚಿನವು. ‘ಸಂಸ್ಕೃತ’ ಅಷ್ಟು ಸುಲಭದ್ದಾಗಿರಲಿಲ್ಲ. ಆಗ ಜಿನೀವಾದಲ್ಲಿ ಸಂಸ್ಕೃತ ಕಲಿಸುತ್ತಿದ್ದ ಫರ್ಡಿನಾಂಡ್ ದ ಸೊಸ್ಯೂರ್ ಆ ನುಡಿಗಳನ್ನು ಪರಿಶೀಲಿಸಿದರು. ಸರಿಯಾದ ವಾಕ್ಯಗಳಿರಲಿಲ್ಲ, ಆದರೆ ಅಲ್ಲೊಂದು ಇಲ್ಲೊಂದು ನಿಜವಾದ ಸಂಸ್ಕೃತ ಪದವಿತ್ತು. ಅವರನ್ನು ತಡೆದು ನಿಲ್ಲಿಸಿದ್ದು ಮಾತ್ರ ಒಂದು ಗೈರುಹಾಜರಿ: ಫ್ರೆಂಚಿನಲ್ಲಿ ಹೇರಳವಾಗಿರುವ, ಸಂಸ್ಕೃತದಲ್ಲಿಲ್ಲದ ದಂತೋಷ್ಠ್ಯ ‘ಫ಼’ ಧ್ವನಿ ಆಕೆಯ ಬಾಯಿಂದ ಹೊರಡುತ್ತಿರಲಿಲ್ಲ. (ಹಳಗನ್ನಡಕ್ಕೂ ಈ ಧ್ವನಿ ಪರಕೀಯವೇ.) ಇರುವುದನ್ನು ಅನುಕರಿಸುವುದು ಸುಲಭ, ಇಲ್ಲದಿರುವುದನ್ನು ಅನುಕರಿಸುವುದು ಹೇಗೆ? ಪ್ಯಾರಿಸ್ಸಿನ ಸಂಸ್ಕೃತ ವಿದ್ವಾಂಸ ವಿಕ್ಟರ್ ಆನ್ರಿ 1901ರಲ್ಲಿ ಒಂದು ಉತ್ತರ ಕೊಟ್ಟರು: ಫ್ರೆಂಚನ್ನು ದೂರವಿಡಬೇಕೆಂಬ ಸುಪ್ತ ಬಯಕೆ, ಆ ಭಾಷೆಯ ಹೆಸರಿನ ಮೊದಲ ಧ್ವನಿಯನ್ನೇ ಹೊರಗಟ್ಟಿತು. ಉತ್ತರ ಜಾಣತನದ್ದು; ನಂಬಲು ತುಸು ಕಷ್ಟ.

ಕೋಟೆಯ ಮೂಲವನ್ನು ಹುಡುಕಿದ್ದು ಫ್ಲೂರ್ನ್ವಾ ಅವರೇ. ದ ಮಾರ್ಲೆಸ್ ಎಂಬಾತ 1828ರಲ್ಲಿ ಫ್ರೆಂಚಿನಲ್ಲಿ ಪ್ರಕಟಿಸಿದ ಭಾರತದ ಇತಿಹಾಸದಲ್ಲಿ ಕೆನರಾ, ಚಂದ್ರಗಿರಿ, ಸಿವ್ರೂಕ ನಾಯಕ, 1401 ಎಲ್ಲವೂ ಒಂದೆಡೆ ಸಿಕ್ಕವು. ಆ ಪುಸ್ತಕ ಜಿನೀವಾದ ಗ್ರಂಥಾಲಯಗಳಲ್ಲಿತ್ತು. ತಾನದನ್ನು ಕಂಡಿಲ್ಲವೆಂದೇ ಎಲೆನ್ ಹೇಳಿದಳು. ಓದಿ ಮರೆತದ್ದು ಆವೇಶದಲ್ಲಿ ಮರಳಿತೆಂದು ಫ್ಲೂರ್ನ್ವಾ ನಿರ್ಣಯಿಸಿದರು. ಕಾಸರಗೋಡಿನವರಿಗೆ ಆ ಇಸವಿಯೇ ಸಾಕ್ಷಿ. ಚಂದ್ರಗಿರಿ ಕೋಟೆ ಇಕ್ಕೇರಿಯ ಶಿವಪ್ಪ ನಾಯಕನ ಹೆಸರಿನೊಂದಿಗೆ ಹೆಣೆದುಕೊಂಡಿರುವುದು; ಅವನ ಆಳ್ವಿಕೆ 1645ರಿಂದ 1660. ರಾಣಿಯ ‘ನೆನಪು’ ಎರಡು ಶತಮಾನಗಳಿಗೂ ಮಿಕ್ಕಿದ ಈ ಅಂತರವನ್ನು ಮಾರ್ಲೆಸ್‌ನ ಪುಟದಲ್ಲಿದ್ದಂತೆಯೇ ಉಳಿಸಿಕೊಂಡಿತ್ತು.

ಪೆಂಟೆಕೋಸ್ಟ್ ಸಭೆಗಳ ‘ಅನ್ಯಭಾಷೆ’ಯನ್ನು ಕುರಿತು ವಿಲಿಯಂ ಸಮರಿನ್ 1972ರಲ್ಲಿ ತಲುಪಿದ ನಿಲುವೂ ಇದಕ್ಕೆ ಸಮೀಪದ್ದು: ಅಕ್ಷರಗಳು ಆಡುವವರಿಗೆ ಪರಿಚಿತವಾದ ಧ್ವನಿಗಳಿಂದಲೇ ಕಟ್ಟಲ್ಪಡುತ್ತವೆ, ಆವೇಶ ಅನಿವಾರ್ಯವಲ್ಲ. ಅದೇ ವರ್ಷ ಫೆಲಿಸಿಟಾಸ್ ಗುಡ್‌ಮನ್, ಸ್ಪ್ಯಾನಿಷ್ ಮತ್ತು ಮಾಯಾ ಭಾಷಿಕರೂ ಸೇರಿದಂತೆ ಭಿನ್ನ ಸಮುದಾಯಗಳಲ್ಲಿ ಒಂದೇ ಬಗೆಯ ಏರಿಳಿತವನ್ನು ಗುರುತಿಸಿ, ಅದಕ್ಕೆ ಆವೇಶವೇ ಕಾರಣವೆಂದು ವಾದಿಸಿದರು. 2006ರಲ್ಲಿ ಆಂಡ್ರ್ಯೂ ನ್ಯೂಬರ್ಗ್ ಮತ್ತು ಸಂಗಡಿಗರು ಐವರು ಮಹಿಳೆಯರ ಮಿದುಳಿನ ರಕ್ತಪ್ರವಾಹವನ್ನು ಅಳೆದಾಗ, ಭಕ್ತಿಗೀತೆ ಹಾಡುವಾಗಿನದಕ್ಕಿಂತ ಅನ್ಯಭಾಷೆಯಾಡುವಾಗ ಮುಂಭಾಗದ ಹಾಲೆಗಳಲ್ಲಿ ಅದು ಕಡಿಮೆಯಾಗಿತ್ತು. ಮಾತು ತಮ್ಮ ಹಿಡಿತದಲ್ಲಿಲ್ಲವೆಂಬ ಅವರ ಅನುಭವಕ್ಕೆ ಇದು ಹೊಂದುತ್ತದೆ. ಆದರೆ ಐವರಷ್ಟೇ, ಮೇಲಾಗಿ, ಧ್ವನಿಗಳು ಎಲ್ಲಿಂದ ಬಂದವೆಂಬುದನ್ನು ರಕ್ತಪ್ರವಾಹ ಹೇಳಲಾರದು.

ಆ ಪ್ರಶ್ನೆಗೆ ಉತ್ತರ ಹುಡುಕಲು ಸಿಮಂದಿನಿಯ ಕಡೆಗೇ ತಿರುಗಬೇಕು. ನಾಯಕನ ಅರಮನೆಯಲ್ಲಿ ಬಾಳಿದವಳ ಕಿವಿಗೆ ಬಿದ್ದಿರಬೇಕಾದದ್ದು ಕನ್ನಡ, ತುಳು. ವಿದ್ವಾಂಸರು ಆಕೆಯ ಮಾತಿನಲ್ಲಿ ಹೆಕ್ಕಿ ತೆಗೆದದ್ದು ಸಂಸ್ಕೃತದ ಚೂರುಗಳನ್ನು. ಆಕೆಯ ಬೈಠಕ್‌ಗಳು ನಡೆದಿದ್ದ ಮನೆಯೊಂದರಲ್ಲಿ ಸಂಸ್ಕೃತ ವ್ಯಾಕರಣದ ಪುಸ್ತಕವೊಂದಿತ್ತು.