ಬಿಸ್ಕತ್ತಿನ ಕಾಗದ, ಇಂಗ್ಲೆಂಡಿನ ಆಸೆ

1999ರ ವಿಶ್ವಕಪ್ ಕ್ರಿಕೆಟ್ ಇಂಗ್ಲೆಂಡಿನಲ್ಲಿ ನಡೆಯಿತು. ‘ಬ್ರಿಟಾನಿಯಾ ಖಾವೋ, ವರ್ಲ್ಡ್ ಕಪ್ ಜಾವೋ’ ಎಂಬ ಜಾಹೀರಾತು ಆಗ ಮನೆಮನೆ ಹೊಕ್ಕಿತು. ಬಿಸ್ಕತ್ತಿನ ಕಾಗದಗಳ ಮೇಲಿನ ರನ್ನು ಕೂಡಿಸಿ ನೂರಾದರೆ ಬಹುಮಾನದ ಚೀಟಿ. ಅದೃಷ್ಟವಿದ್ದರೆ ಪಂದ್ಯ ನೋಡಲು ವಿಮಾನಯಾನ!

ನನ್ನ ತರಗತಿಯ ಮಕ್ಕಳ ಪುಸ್ತಕದೊಳಗೆಲ್ಲ ಆ ಕಾಗದಗಳೇ. ಕೂಡುವ ಲೆಕ್ಕವೆಂದರೆ ಅಳುತ್ತಿದ್ದ ಹುಡುಗಿಯೂ ಬಾಯಲ್ಲೇ ನೂರು ಮುಟ್ಟಿಸುತ್ತಿದ್ದಳು. ಅದಕ್ಕೆ ಕಾಸು ಹೊಂದಿಸಿದವರು ತಾಯಂದಿರು, ಸಾಸಿವೆ ಡಬ್ಬಿಯಲ್ಲಿ ಬಚ್ಚಿಟ್ಟ ಚಿಲ್ಲರೆಯಿಂದ.

ಮೇ 26ರಂದು ಟಾಂಟನ್ನಿನಲ್ಲಿ ಶ್ರೀಲಂಕಾ ವಿರುದ್ಧ ಬೆಂಗಳೂರಿನ ರಾಹುಲ್ ದ್ರಾವಿಡ್ 145 ರನ್ ಹೊಡೆದರು. ಆ ತಾಯಂದಿರು ಅದನ್ನು ನೋಡಿದ್ದು ಟಿ.ವಿ.ಯಲ್ಲಿ, ಅಡುಗೆಮನೆಯ ಬಾಗಿಲಲ್ಲಿ ನಿಂತು, ಸೌಟು ಹಿಡಿದುಕೊಂಡೇ. ದ್ರಾವಿಡರ ರನ್ನು ದಾಖಲೆಯಲ್ಲಿದೆ. ಮಕ್ಕಳ ಆಸೆಗೆ ಕರಗಿದ ಆ ಚಿಲ್ಲರೆಯೂ ಚರಿತ್ರೆಯೇ; ಅದನ್ನು ನಾವೇ ಬರೆದಿಡಬೇಕು.